ಬೇಕಲದಲ್ಲಿ ಅರಮನೆ ಎಲ್ಲಿ? ಶಾಲೆಯೂ ಮ್ಯೂಸಿಯಮ್ಮೂ ಪಾಲುಗಾರರಾಗುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಶಾಲೆಯಿಂದ ಅದೇ ಜಿಲ್ಲೆಯ ಬೇಕಲ ಕೋಟೆಗೆ ಪ್ರವಾಸ ಹೋಗಿ ಬಂದ ಮರುದಿನ ಏಳನೆಯ ತರಗತಿಯ ಮಕ್ಕಳು ಬರೆದ ಪ್ರಬಂಧಗಳನ್ನು ತಿದ್ದುತ್ತ ಕುಳಿತಿದ್ದೆ. ಮೂವತ್ತೆಂಟು ಪುಸ್ತಕಗಳು, ಮೂವತ್ತೇಳರಲ್ಲಿ ಒಂದೇ ಪ್ರಬಂಧ. "ನಾವು ಬೆಳಗ್ಗೆ ಬಸ್ಸಿನಲ್ಲಿ ಹೊರಟೆವು. ಬೇಕಲ ಕೋಟೆ ನೋಡಿದೆವು. ಅದು ತುಂಬಾ ದೊಡ್ಡದಾಗಿದೆ. ಸಮುದ್ರ ನೋಡಿದೆವು. ಐಸ್‌ಕ್ರೀಂ ತಿಂದೆವು. ತುಂಬಾ ಖುಷಿಯಾಯಿತು." ಮೂವತ್ತೆಂಟನೆಯದು ಹಿಂದಿನ ಬೆಂಚಿನ ಹುಡುಗಿಯೊಬ್ಬಳದು. ಐಸ್‌ಕ್ರೀಂ ಅದರಲ್ಲಿಯೂ ಇತ್ತು. ಕೊನೆಗೆ ಮಾತ್ರ ಒಂದು ಸಾಲು ಹೆಚ್ಚಿಗೆ: "ಕೋಟೆ ಇಷ್ಟು ದೊಡ್ಡದು, ಅರಮನೆ ಎಲ್ಲಿ?"

ಪಕ್ಕದಲ್ಲಿಯೇ ಕೆಂಪು ಶಾಯಿಯಲ್ಲಿ ಬರೆದೆ: "ಇದು ಸೈನ್ಯದ ಕೋಟೆ. ಅರಮನೆ ಇರಲಿಲ್ಲ." ಸಹಿ ಹಾಕಿ ಪುಸ್ತಕ ಮುಚ್ಚಿದೆ. ಆ ಉತ್ತರದಲ್ಲಿ ಹುಳುಕಿತ್ತು ಎಂದು ತಿಳಿದದ್ದು ಎರಡು ವರ್ಷಗಳ ಮೇಲೆ. ಆ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದೇ ಪ್ರಬಂಧ ಮೂವತ್ತೇಳು ಸಲ ಬಂದದ್ದು ಮಕ್ಕಳ ತಪ್ಪಲ್ಲ. ನಾವು ಅವರನ್ನು ಕೋಟೆಗೆ ಕರೆದುಕೊಂಡು ಹೋದೆವೇ ಹೊರತು ಕೋಟೆಯನ್ನು ನೋಡಿಕೊಳ್ಳುವವರ ಜೊತೆ ಒಂದು ಮಾತೂ ಆಡಿರಲಿಲ್ಲ. ಗೇಟಿನಲ್ಲಿ ತಲೆ ಎಣಿಸಿ ಒಳಗೆ ಬಿಟ್ಟೆವು, ಸಂಜೆ ತಲೆ ಎಣಿಸಿ ಬಸ್ಸು ಹತ್ತಿಸಿದೆವು. ಶಾಲೆಗಳು ಮ್ಯೂಸಿಯಂ, ಸ್ಮಾರಕ, ಕಲಾಕೇಂದ್ರಗಳ ಜೊತೆ ಕೈಜೋಡಿಸಬೇಕು ಎಂದು ಸುತ್ತೋಲೆಗಳು ಹೇಳುವಾಗ ನಮ್ಮ ಕಣ್ಣಿಗೆ ಬರುವುದು ಈ ಬಸ್ಸೇ. ಅದು ಪ್ರವಾಸ. ಪಾಲುಗಾರಿಕೆ ಬೇರೆಯೇ ಸಂಗತಿ. ಪಾಲುಗಾರಿಕೆಯೆಂದರೆ ಇಬ್ಬರೂ ಏನಾದರೂ ಹಾಕಬೇಕು, ಇಬ್ಬರಿಗೂ ಏನಾದರೂ ದಕ್ಕಬೇಕು.

ಹಾಕುವುದು ಏನನ್ನು? ಮ್ಯೂಸಿಯಮ್ಮಿನ ಬಳಿ ವಸ್ತು ಇದೆ, ಅದನ್ನು ಓದಬಲ್ಲ ಪರಿಣತರಿದ್ದಾರೆ. ಆದರೆ ಎದುರಿಗೆ ಬಂದು ನಿಂತ ಮಗುವಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಅವರಿಗೆ ತಿಳಿಯದು. ಒಂದು ಗಂಟೆಯಲ್ಲಿ ಮಗು ಹೊರಟುಹೋಗುತ್ತದೆ. ಶಾಲೆಯ ಬಳಿ ವಸ್ತು ಇಲ್ಲ, ಇರುವುದು ಪಠ್ಯಪುಸ್ತಕದ ಅಂಗೈಯಗಲದ ಚಿತ್ರ. ಆದರೆ ಅದೇ ಮಕ್ಕಳು ವರ್ಷವಿಡೀ ಕಣ್ಣೆದುರಿಗೇ ಇರುತ್ತಾರೆ. ಅವರ ಮನೆಮಾತು, ಯಾರ ಅಜ್ಜ ಗಾಣದಲ್ಲಿದ್ದರು, ಯಾರ ಅಮ್ಮ ಬೀಡಿ ಕಟ್ಟುತ್ತಾರೆ ಎಂಬುದೆಲ್ಲ ಅಧ್ಯಾಪಕರಿಗೆ ಗೊತ್ತು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಡುವುದೇ ಇಲ್ಲಿನ ವ್ಯವಹಾರ.

ಇದೇನು ಹೊಸ ವಿಚಾರವಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1899ರಲ್ಲಿಯೇ ಒಂದು ಆದರ್ಶ ಶಾಲೆಯ ನಕ್ಷೆ ಬಿಡಿಸಿದ್ದರು. ಕೆಳಗಿನ ಅಂತಸ್ತಿನ ನಡುವೆ ಗ್ರಂಥಾಲಯ, ಮೇಲಿನ ಅಂತಸ್ತಿನ ನಡುವೆ ಮ್ಯೂಸಿಯಂ, ಸುತ್ತ ಪ್ರಯೋಗಾಲಯ, ಚಿತ್ರಕಲೆ, ಸಂಗೀತದ ಕೋಣೆಗಳು. 1905ರಲ್ಲಿ ಅದೇ ದೇಶದ ಸೇಂಟ್ ಲೂಯಿಸ್ ನಗರದ ಶಾಲೆಗಳು ತಮ್ಮದೇ ಶೈಕ್ಷಣಿಕ ಮ್ಯೂಸಿಯಂ ಕಟ್ಟಿಕೊಂಡವು. ಹಿಂದಿನ ವರ್ಷ ಆ ಊರಿನಲ್ಲಿ ನಡೆದ ಜಾಗತಿಕ ಮೇಳದಲ್ಲಿ ಉಳಿದ ವಸ್ತುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕುದುರೆಗಾಡಿಯಲ್ಲಿ ಶಾಲೆಯಿಂದ ಶಾಲೆಗೆ ಕಳುಹಿಸುತ್ತಿದ್ದರು. ನಮ್ಮ ದೇಶದಲ್ಲಿಯೂ 1965ರಲ್ಲಿ ಕೋಲ್ಕತ್ತದ ಬಿರ್ಲಾ ಮ್ಯೂಸಿಯಂ ವಿಜ್ಞಾನದ ಮಾದರಿಗಳನ್ನು ಬಸ್ಸಿಗೇರಿಸಿ ಹಳ್ಳಿಗಳಿಗೆ ಕಳುಹಿಸತೊಡಗಿತು. ಮಕ್ಕಳು ಮ್ಯೂಸಿಯಮ್ಮಿಗೆ ಹೋಗಲಾಗದಿದ್ದರೆ ಮ್ಯೂಸಿಯಮ್ಮೇ ಮಕ್ಕಳ ಬಳಿಗೆ ಬರಲಿ ಎಂಬ ಲೆಕ್ಕ. ಬಸ್ಸಿನ ಬಾಡಿಗೆ ಕೇಳಿದರೆ ಪಿ.ಟಿ.ಎ. (ಹೆತ್ತವರ ಮತ್ತು ಅಧ್ಯಾಪಕರ ಸಂಘ) ಸಭೆ ಮೌನವಾಗುವ ನಮ್ಮಂಥ ಶಾಲೆಗಳಿಗೆ ಈ ಎರಡನೆಯ ದಾರಿಯೇ ವಾಸಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಒಂದು ಮುಡಿ, ನಲವತ್ತೆರಡು ಸೇರು

ವಸ್ತುವಿಗೆ ಅಂಥ ಶಕ್ತಿ ಏನಿದೆ? ಚಿತ್ರ ತೋರಿಸಿದರೆ ಸಾಲದೆ? ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಶಾಲೆಗೆ ಸಮೀಪದ ಹಳೆಯ ಮನೆಯೊಂದರಿಂದ ಎರಡು ದಿನದ ಮಟ್ಟಿಗೆ ಒಂದು ಅಕ್ಕಿಮುಡಿ ಮತ್ತು ಒಂದು ಕಳಸಿಗೆ ತಂದಿದ್ದೆವು. ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಗುಂಡಗಿನ ಮೂಟೆ ಮುಡಿ. ಅಳೆಯುವ ಪಾತ್ರೆ ಕಳಸಿಗೆ. ಏನೂ ಹೇಳದೆ ಮೇಜಿನ ಮೇಲಿಟ್ಟು ಮಕ್ಕಳನ್ನು ಮೂರೇ ಪ್ರಶ್ನೆ ಕೇಳಿದೆ. ಇಲ್ಲಿ ಏನು ಕಾಣುತ್ತಿದೆ? ಹಾಗೆನ್ನಲು ಏನನ್ನು ನೋಡಿದಿರಿ? ಇನ್ನೇನು ಕಾಣುತ್ತದೆ? ಈ ಪ್ರಶ್ನೆಗಳು ನನ್ನವಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ಶಿಕ್ಷಣ ವಿಭಾಗದ ಹೊಣೆ ಹೊತ್ತಿದ್ದ ಫಿಲಿಪ್ ಯೆನವೈನ್ ಮತ್ತು ಮನೋವಿಜ್ಞಾನಿ ಅಬಿಗೈಲ್ ಹೌಸೆನ್ ಚಿತ್ರ ನೋಡುವುದನ್ನು ಕಲಿಸಲೆಂದು ರೂಪಿಸಿದವು. ಈಗ ಲೋಕದ ಎಷ್ಟೋ ಮ್ಯೂಸಿಯಮ್ಮುಗಳಲ್ಲಿ ಅದೇ ಕ್ರಮ. ಇದರ ಗುಟ್ಟು ಎರಡನೆಯ ಪ್ರಶ್ನೆಯಲ್ಲಿದೆ. ಬಾಯಿಗೆ ಬಂದದ್ದನ್ನು ಹೇಳಿ ಕುಳಿತುಕೊಳ್ಳುವ ಹಾಗಿಲ್ಲ, ಆಧಾರ ತೋರಿಸಬೇಕು.

"ಇದು ಹಳೆಯದು" ಎಂದನೊಬ್ಬ. ಹೇಗೆ ಗೊತ್ತು? "ಪ್ಲಾಸ್ಟಿಕ್ ಇಲ್ಲ." ಇನ್ನೊಬ್ಬಳು ಮೂಗು ಹತ್ತಿರ ತಂದು "ಮಸಿ ವಾಸನೆ ಬರುತ್ತದೆ, ಅಡುಗೆಮನೆಯ ಅಟ್ಟದಲ್ಲಿತ್ತು" ಎಂದಳು. ಸರಿಯಾಗಿಯೇ ಹೇಳಿದ್ದಳು. ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಹುಳ ಬೀಳುವುದಿಲ್ಲ. ಚಿತ್ರಕ್ಕೆ ವಾಸನೆ ಇಲ್ಲವಷ್ಟೆ?

ಮನೆಯಲ್ಲಿ ಕೇಳಿ ಬರಲು ಹೇಳಿದೆ. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಒಟ್ಟು ನಲವತ್ತೆರಡು ಸೇರು ಎಂದು ಹೆಚ್ಚಿನವರು ತಂದರು. ಇಬ್ಬರು ಮಾತ್ರ ಬೇರೆ ಲೆಕ್ಕ ತಂದು ತಮ್ಮ ಅಜ್ಜಿಯೇ ಸರಿ ಎಂದು ಜಗಳಕ್ಕೆ ನಿಂತರು. ಆ ಜಗಳವೇ ಅಂದಿನ ಪಾಠವಾಯಿತು. ಊರಿಗೊಂದು ಸೇರು ಇದ್ದರೆ ಸಂತೆಯಲ್ಲಿ ಮೋಸ ಹೋಗುವವರು ಯಾರು? ಎಲ್ಲರಿಗೂ ಒಂದೇ ಅಳತೆ ಬೇಕೆಂದು ಕಾನೂನು ಬಂದದ್ದು ಯಾವಾಗ? ಮೆಟ್ರಿಕ್ ಪದ್ಧತಿಯನ್ನು ತಂದ ತೂಕ ಮತ್ತು ಅಳತೆಗಳ ಕಾಯಿದೆ 1956ರದು. ಅದೇ ವರ್ಷದ ನವೆಂಬರ್ 1ರಂದು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. "ಹಾಗಾದರೆ ನಮ್ಮ ಅಜ್ಜಿಗೆ ಸೇರೂ ಬದಲಾಯಿತು, ರಾಜ್ಯವೂ ಬದಲಾಯಿತು" ಎಂದು ಹುಡುಗನೊಬ್ಬ ಹೇಳಿದ್ದು ನನಗೆ ಈಗಲೂ ನೆನಪಿದೆ. ಗಣಿತ, ಸಮಾಜ, ಭಾಷೆ ಎಂದು ನಾವು ಗಂಟೆ ಬಾರಿಸಿ ಕತ್ತರಿಸಿಟ್ಟದ್ದು ವಸ್ತುವಿನಲ್ಲಿ ಕೂಡಿಯೇ ಇರುತ್ತದೆ.

ಹೊಸ ಜಾಗದ ಅಮಲು

ಹಾಗಾದರೆ ವಸ್ತುಗಳಿರುವ ಕಡೆಗೆ ಕರೆದುಕೊಂಡು ಹೋದರೆ ಸಾಕಲ್ಲ ಎನ್ನಬಹುದು. ಸಾಲದು. ಅಪರಿಚಿತ ಜಾಗಕ್ಕೆ ಮೊದಲ ಸಲ ಕಾಲಿಟ್ಟ ಮಗುವಿನ ಗಮನವೆಲ್ಲ ಆ ಜಾಗಕ್ಕೇ ಹೋಗುತ್ತದೆ. ಶೌಚಾಲಯ ಎಲ್ಲಿ, ಊಟ ಎಷ್ಟು ಹೊತ್ತಿಗೆ, ಆ ಕಾವಲುಗಾರ ಬೈಯುತ್ತಾನೆಯೆ, ನನ್ನ ಗೆಳತಿ ಯಾವ ಸಾಲಿನಲ್ಲಿದ್ದಾಳೆ. ನಾವು ತೋರಿಸಬೇಕೆಂದುಕೊಂಡದ್ದು ಆಮೇಲಿನ ಮಾತು. 1970ರ ದಶಕದಿಂದ ಸಂಶೋಧಕರು ಇದನ್ನು ಗಮನಿಸುತ್ತ ಬಂದಿದ್ದಾರೆ. ಮದ್ದೂ ಸುಲಭವಾಗಿಯೇ ಇದೆ: ಹೋಗುವ ಮೊದಲೇ ಜಾಗದ ನಕ್ಷೆ, ದಿನದ ವೇಳಾಪಟ್ಟಿ, ಏನು ನೋಡಲಿದ್ದೇವೆ, ಯಾಕೆ ನೋಡಲಿದ್ದೇವೆ ಎಲ್ಲವನ್ನೂ ತರಗತಿಯಲ್ಲಿ ಬಿಡಿಸಿ ಹೇಳುವುದು. ಊಟಕ್ಕೆ ಏನಿದೆ ಎಂಬುದನ್ನೂ ಸೇರಿಸಿ. ನಗಬೇಡಿ, ಅದು ತಿಳಿಯದ ಮಗು ಹನ್ನೊಂದು ಗಂಟೆಯಿಂದಲೇ ಬೇರೇನನ್ನೂ ಯೋಚಿಸುವುದಿಲ್ಲ.

ಎರಡನೆಯ ಸಲ ಬೇಕಲಕ್ಕೆ ಹೋದಾಗ ನಾವು ಇಡೀ ಕೋಟೆಯನ್ನು ನೋಡುವ ಆಸೆಯನ್ನೇ ಬಿಟ್ಟೆವು. ನಲವತ್ತು ಎಕರೆಯ ಕೋಟೆ, ಮೂರು ಗಂಟೆಯ ಸಮಯ. ಗೋಡೆಯ ಕಂಡಿಗಳನ್ನು ಮಾತ್ರ ನೋಡುವುದೆಂದು ತೀರ್ಮಾನಿಸಿದೆವು. ಸುಮಾರು 1650ರಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಆ ಕೋಟೆಯ ಹೊರಗೋಡೆಯಲ್ಲಿ ಬಂದೂಕು ಇಡಲು ಬಿಟ್ಟ ಕಂಡಿಗಳಿವೆ. ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ. ಬಗ್ಗಿ ಕಣ್ಣಿಟ್ಟು ನೋಡಿದರೆ ಮೇಲಿನದರಲ್ಲಿ ದೂರದ ದಿಗಂತ, ನಡುವಿನದರಲ್ಲಿ ಸ್ವಲ್ಪ ಹತ್ತಿರದ ನೆಲ, ಕೆಳಗಿನದರಲ್ಲಿ ಗೋಡೆಯ ಬುಡದ ಕಡೆಯ ಹುಲ್ಲು.

ಮಕ್ಕಳು ತರಗತಿಯಲ್ಲಿಯೇ ಒಂದು ಉಪಕರಣ ಮಾಡಿಕೊಂಡಿದ್ದರು. ರಟ್ಟಿನ ಮೇಲೆ ಕೋನಮಾಪಕದ ಗುರುತು, ನೇರ ಅಂಚಿಗೆ ಅಂಟಿಸಿದ ಪೇಪರ್ ಕೊಳವೆ, ನಡುವಿನಿಂದ ಇಳಿಬಿಟ್ಟ ನೂಲು, ನೂಲಿನ ತುದಿಗೆ ಸೈಕಲ್ ಅಂಗಡಿಯಲ್ಲಿ ಕೇಳಿ ತಂದ ನಟ್ಟು. ಕೊಳವೆಯ ಮೂಲಕ ಕಂಡಿಯ ಆಚೆ ನೋಡುತ್ತ ನಿಂತಾಗ ಪಕ್ಕದವರು ನೂಲು ಎಲ್ಲಿ ನಿಂತಿದೆ ಎಂದು ಓದಿ ಬರೆದುಕೊಳ್ಳಬೇಕು. ಗಾಳಿಗೆ ನೂಲು ಓಲಾಡುತ್ತಿತ್ತು, ಒಬ್ಬೊಬ್ಬರ ಅಳತೆ ಒಂದೊಂದು. ಮೂರು ಸಲ ಅಳೆದು ಸರಾಸರಿ ತೆಗೆಯೋಣ ಎಂದು ಅವರೇ ಹೇಳಿದರು. ವರ್ಷವಿಡೀ ಸರಾಸರಿಯ ಲೆಕ್ಕ ಮಾಡಿಸಿದ್ದರೂ ಅದು ಯಾಕೆ ಬೇಕು ಎಂದು ಅವರಿಗೆ ತಿಳಿದದ್ದು ಆ ಬಿಸಿಲಿನಲ್ಲಿ. ಅಲ್ಲಿನ ಸಿಬ್ಬಂದಿಯೊಬ್ಬರು ಸುಮ್ಮನೆ ನೋಡುತ್ತ ನಿಂತಿದ್ದವರು ಹತ್ತಿರ ಬಂದು, ವೈರಿ ಗೋಡೆಯ ಬುಡಕ್ಕೇ ಬಂದರೆ ಏನು ಮಾಡುತ್ತಿದ್ದರು ಹೇಳಿ ನೋಡೋಣ ಎಂದು ಮಲಯಾಳದಲ್ಲಿ ಕೇಳಿದರು. ನಮ್ಮ ಪಾಲುಗಾರಿಕೆ ನಿಜವಾಗಿ ಶುರುವಾದದ್ದು ಆ ಪ್ರಶ್ನೆಯಿಂದ.

ಇಂಥ ಭೇಟಿಯಿಂದ ಏನಾದರೂ ಲಾಭವಿದೆಯೆಂದು ತೋರಿಸಿಕೊಡಿ ಎಂದು ಕೇಳುವವರಿಗೆ ಒಂದು ಒಳ್ಳೆಯ ಅಧ್ಯಯನವಿದೆ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಜಸ್ ಎಂಬ ಕಲಾ ಮ್ಯೂಸಿಯಂ ತೆರೆಯಿತು. ಬರಲು ಬಯಸಿದ ಶಾಲೆಗಳೆಲ್ಲಕ್ಕೂ ಜಾಗ ಸಾಲದೆ ಚೀಟಿ ಎತ್ತಬೇಕಾಯಿತು. ಚೀಟಿ ಬಿದ್ದವರನ್ನೂ ಬೀಳದವರನ್ನೂ ಹೋಲಿಸಿ ನೋಡಲು ಸಂಶೋಧಕರಿಗೆ ಅದೇ ಅನುಕೂಲವಾಯಿತು. 123 ಶಾಲೆಗಳು, ಹತ್ತಿರಹತ್ತಿರ 11,000 ಮಕ್ಕಳು. ಅರ್ಧ ದಿನದ ಭೇಟಿ ಮುಗಿದು ವಾರಗಳು ಕಳೆದ ಮೇಲೂ ಮಕ್ಕಳು ಚಿತ್ರಗಳ ಹಿಂದಿನ ಇತಿಹಾಸವನ್ನು ನೆನಪಿಟ್ಟುಕೊಂಡಿದ್ದರು. ಹಿಂದೆಂದೂ ನೋಡದ ಚಿತ್ರವೊಂದನ್ನು ಕೊಟ್ಟಾಗ ಹೋಗಿ ಬಂದವರು ಅದನ್ನು ಹೆಚ್ಚು ಸೂಕ್ಷ್ಮವಾಗಿ ನೋಡಿ ಬರೆದರು. ಒಟ್ಟಾರೆ ಸುಧಾರಣೆ ಬೆಟ್ಟದಷ್ಟೇನಲ್ಲ, ಆದರೆ ಹಳ್ಳಿಗಳ ಮತ್ತು ಬಡ ಕುಟುಂಬಗಳ ಮಕ್ಕಳಲ್ಲಿ ಅದು ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಪೇಟೆಯ ಮಗುವನ್ನು ಅಪ್ಪ ಅಮ್ಮ ರಜೆಯಲ್ಲಿ ಹೇಗೂ ಕರೆದುಕೊಂಡು ಹೋಗುತ್ತಾರೆ. ಬದಿಯಡ್ಕದ ಒಳಗಿನ ಗುಡ್ಡದ ಮಗುವಿಗೆ ಶಾಲೆಯೇ ದಾರಿ.

ಮೂರು ಭಾಷೆಯ ಫಲಕ, ಏಳು ಭಾಷೆಯ ನಾಡು

ಇಷ್ಟರವರೆಗೆ ಹೇಳಿದ್ದು ಎಲ್ಲ ಊರಿಗೂ ಸಲ್ಲುವ ಮಾತು. ಇನ್ನು ನಮ್ಮ ತಾಪತ್ರಯಕ್ಕೆ ಬರುತ್ತೇನೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಬ್ಯಾರಿಯನ್ನೋ ಆಡುತ್ತದೆ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತದೆ, ಬಸ್ಸಿನ ಬೋರ್ಡನ್ನು ಮಲಯಾಳದಲ್ಲಿ ಗುರುತಿಸುತ್ತದೆ. ಸಪ್ತಭಾಷಾ ಸಂಗಮಭೂಮಿ ಎಂದು ಎಲ್ಲ ವೇದಿಕೆಗಳ ಮೇಲೂ ಹೇಳುತ್ತೇವೆ. ಸ್ಮಾರಕಗಳ ಮುಂದಿನ ಫಲಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರೇ ಭಾಷೆ, ಆ ಮೂರರಲ್ಲಿ ಕನ್ನಡ ಇರುವುದು ಅಪರೂಪ. ಒಮ್ಮೆ ಒಂದು ಪ್ರದರ್ಶನದಲ್ಲಿ (ಎಲ್ಲಿ ಎಂಬುದು ಬೇಡ) ವಿವರಿಸುತ್ತಿದ್ದವರು ಮಕ್ಕಳು ಪಿಳಿಪಿಳಿ ನೋಡುವುದನ್ನು ಕಂಡು ನನ್ನ ಕಡೆ ತಿರುಗಿ "ಇವರಿಗೆ ಏನೂ ಗೊತ್ತಿಲ್ಲವಲ್ಲ ಟೀಚರ್" ಎಂದರು. ಗೊತ್ತಿಲ್ಲದೆ ಏನು? ಅದೇ ಮಕ್ಕಳು ಹಿಂದಿನ ವಾರ ಅದೇ ವಿಷಯದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದಿದ್ದರು. ಭಾಷೆ ತಿಳಿಯದಿರುವುದಕ್ಕೂ ವಿಷಯ ತಿಳಿಯದಿರುವುದಕ್ಕೂ ವ್ಯತ್ಯಾಸವಿದೆ ಎಂದು ಹೇಳಬೇಕೆಂದುಕೊಂಡೆ. ಮಕ್ಕಳೆದುರು ವಾದ ಬೇಡವೆಂದು ಸುಮ್ಮನಾದೆ. ಆ ದಿನ ನುಂಗಿದ ಮಾತೇ ಮುಂದೆ ಒಂದು ಕೆಲಸವಾಯಿತು.

ಫಲಕ ಕನ್ನಡದಲ್ಲಿ ಇಲ್ಲದಿದ್ದರೆ ಮಕ್ಕಳೇ ಬರೆಯಲಿ. ಮ್ಯೂಸಿಯಂ ಶಿಕ್ಷಣದಲ್ಲಿ ವಿವರಣೆಯ ಚೀಟಿ ಬರೆಯಿಸುವುದು ಹಳೆಯ ಕಸರತ್ತು, ಆದರೆ ಗಡಿನಾಡಿನಲ್ಲಿ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಐವತ್ತು ಪದಗಳ ಮಿತಿ. ಏನಿದು, ಯಾವುದರಿಂದ ಮಾಡಿದ್ದು, ಯಾರು ಬಳಸುತ್ತಿದ್ದರು, ಇದರ ಬಗ್ಗೆ ನಮಗೆ ಹೇಗೆ ಗೊತ್ತು. ಪ್ರಬಂಧದಲ್ಲಿ ಐಸ್‌ಕ್ರೀಮಿಗೆ ಜಾಗವಿದೆ, ಐವತ್ತು ಪದದ ಚೀಟಿಯಲ್ಲಿಲ್ಲ. ಮುಡಿಯ ಚೀಟಿಯನ್ನು ಕನ್ನಡದಲ್ಲಿಯೂ, ಕನ್ನಡ ಲಿಪಿಯ ತುಳುವಿನಲ್ಲಿಯೂ ನಮ್ಮವರು ಬರೆದರು. ಮಲಯಾಳದ್ದಕ್ಕೆ ನಮ್ಮದೇ ಶಾಲೆಯ ಮಲಯಾಳ ವಿಭಾಗದ ಮಕ್ಕಳನ್ನು ಕರೆದೆವು. ಒಂದೇ ಅಂಗಳದಲ್ಲಿ ಆಡಿಯೂ ಬೇರೆ ಬೇರೆ ಕೋಣೆಗಳಲ್ಲಿ ಕಲಿಯುವ ಎರಡು ಗುಂಪುಗಳು ಒಂದು ವಸ್ತುವಿನ ಸುತ್ತ ಕುಳಿತದ್ದು ಅದೇ ಮೊದಲು. ಅಕ್ಕಿಗೆ ತುಳುವಿನಲ್ಲಿಯೂ 'ಅರಿ', ಮಲಯಾಳದಲ್ಲಿಯೂ 'ಅರಿ', ಕನ್ನಡದಲ್ಲಿ ಮಾತ್ರ ಅಕ್ಕಿ ಎಂಬುದನ್ನು ಕಂಡುಹಿಡಿದು ತುಳುವಿನ ಹುಡುಗರು ಬೀಗಿದ್ದೇ ಬೀಗಿದ್ದು.

ಮ್ಯೂಸಿಯಮ್ಮಿಗೆ ದಕ್ಕುವುದೂ ಇಲ್ಲಿಯೇ. ಪರಿಣತರು ತಿದ್ದಿಕೊಟ್ಟರೆ ಆ ಚೀಟಿ ಅಲ್ಲಿಯೇ ಉಳಿಯುತ್ತದೆ, ಮುಂದೆ ಬರುವ ಕನ್ನಡಿಗರಿಗೆ ಓದಲು ಸಿಗುತ್ತದೆ. ಮಗು ಅತಿಥಿಯಾಗಿ ಹೋಗಿ ಪಾಲುಗಾರನಾಗಿ ಹೊರಬರುತ್ತದೆ. ಕೇರಳದ ಪ್ರೌಢಶಾಲೆಗಳಲ್ಲಿರುವ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐ.ಟಿ. ತಂಡಗಳಿಗೆ ಕ್ಯಾಮೆರಾ, ಧ್ವನಿಮುದ್ರಣ, ಸಂಕಲನ ಎಲ್ಲ ಕಲಿಸುತ್ತಾರೆ. ಅವರ ಕೈಗೆ ಇಂಥ ಕೆಲಸ ಕೊಟ್ಟರೆ ಕ್ಯೂಆರ್ ಕೋಡ್ ಒತ್ತಿದೊಡನೆ ಕನ್ನಡದಲ್ಲಿ ವಿವರ ಕೇಳುವ ಹಾಗೆ ಮಾಡುವುದೂ ಕಷ್ಟವಲ್ಲ.

ಗಾಜಿನ ಪೆಟ್ಟಿಗೆ ಇಲ್ಲದ ಮ್ಯೂಸಿಯಮ್ಮುಗಳು

"ನಮ್ಮಲ್ಲಿ ಮ್ಯೂಸಿಯಂ ಎಲ್ಲಿದೆ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ದೊಡ್ಡದೊಂದು ಬೇಕಾದರೆ ಮಂಗಳೂರಿನ ಬಿಜೈಯಲ್ಲಿ 1960ರಲ್ಲಿ ಆರಂಭವಾದ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಿದೆ, ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರವಿದೆ. ಮಂಜೇಶ್ವರದ ಶಾಲೆಗೆ ಬೇಕಲಕ್ಕಿಂತ ಮಂಗಳೂರೇ ಹತ್ತಿರ. ಆದರೆ ತಲಪಾಡಿ ದಾಟಿದರೆ ಬೇರೆ ರಾಜ್ಯ, ಬಾಡಿಗೆ ಬಸ್ಸಿಗೆ ಪರವಾನಗಿ, ತೆರಿಗೆ, ಹೆಚ್ಚಿನ ಕಾಗದ ಪತ್ರ. ಹತ್ತಿರದ್ದು ದೂರವಾಗುವುದು ಹೀಗೆ.

ಮಂಜೇಶ್ವರದಲ್ಲಿಯೇ ಇರುವುದನ್ನು ನೋಡೋಣ. ರಾಷ್ಟ್ರಕವಿ ಗೋವಿಂದ ಪೈಯವರ ಮನೆ ಇಂದು 'ಗಿಳಿವಿಂಡು' ಎಂಬ ಸ್ಮಾರಕ. ಕವಿಯ ಮನೆಯನ್ನು ನೋಡಿ ಕೈಮುಗಿದು ಬರುವುದಾದರೆ ಅರ್ಧ ಗಂಟೆ ಸಾಕು. ಪ್ರಶ್ನೆ ಇಟ್ಟುಕೊಂಡು ಹೋದರೆ ಒಂದು ವಾರದ ಪಾಠವಿದೆ. ಮಂಜೇಶ್ವರದ ಕನ್ನಡ ಕವಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದರಾಸು ಸರಕಾರ. ಮೈಸೂರು ಅಲ್ಲ, ತಿರುವನಂತಪುರ ಅಲ್ಲ. ಯಾಕೆ? 1883ರಲ್ಲಿ ಹುಟ್ಟಿ ಬದುಕಿನ ಬಹುಭಾಗವನ್ನು ಈ ಊರಿನಲ್ಲಿಯೇ ಕಳೆದ ಅವರು 1963ರಲ್ಲಿ ತೀರಿಕೊಂಡಾಗ ಊರು ಕೇರಳದಲ್ಲಿತ್ತು. ಕವಿ ಮನೆ ಬದಲಿಸಲಿಲ್ಲ, ರಾಜ್ಯವೇ ಬದಲಾಯಿತು. ರಾಜ್ಯ ಪುನರ್ವಿಂಗಡಣೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಭೂಪಟ ಕಲಿಸೀತು? ಭಾಷೆಯ ಅಧ್ಯಾಪಕರಿಗಾದರೆ ಬೇರೆ ದಾರಿಯಿದೆ. ಕನ್ನಡ ಕಾವ್ಯ ನೂರಾರು ವರ್ಷ ಬಿಡದೆ ಹಿಡಿದಿದ್ದ ಪ್ರಾಸವನ್ನು ಪೈಗಳು 1911ರಲ್ಲಿ ಕೈಬಿಟ್ಟರು. ಪ್ರಾಸವಿರುವ ನಾಲ್ಕು ಸಾಲನ್ನೂ ಇಲ್ಲದ ನಾಲ್ಕು ಸಾಲನ್ನೂ ಆ ಜಗಲಿಯಲ್ಲಿಯೇ ಗಟ್ಟಿಯಾಗಿ ಓದಿಸಬಹುದು.

ಎಡನೀರು ಮಠವೂ ಹಾಗೆಯೇ. ಮಠಾಧೀಶರಾಗಿದ್ದ ಕೇಶವಾನಂದ ಭಾರತಿ ಸ್ವಾಮಿಗಳು ಭೂಸುಧಾರಣೆಯ ವಿಷಯದಲ್ಲಿ ಕೇರಳ ಸರಕಾರದ ವಿರುದ್ಧ ಹೂಡಿದ ದಾವೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲರಚನೆಯನ್ನು ಬದಲಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಹೆಸರು ನಮ್ಮ ಮಕ್ಕಳ ಬಸ್ಸಿನ ದಾರಿಯಲ್ಲಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮ್ಯೂಸಿಯಂ ಅಲ್ಲ. ಆದರೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಆ ಸಂಸ್ಥೆಗೆ ಮನೆಯ ತೋಟದ ಹಳದಿ ಅಡಕೆ ಸೋಗೆಯ ಚಿತ್ರ ಹಿಡಿದುಕೊಂಡು ಹೋಗುವ ಮಗು ಬರಿಗೈಯಲ್ಲಿ ಹೋಗುತ್ತಿಲ್ಲ. ಅದರ ಕೈಯಲ್ಲಿ ಅಪ್ಪನ ಚಿಂತೆ ಇದೆ.

ಯಕ್ಷಗಾನದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ, ಎ ಗ್ರೇಡಿನ ಹಂಬಲವೂ ಇದೆ. ಆದ್ದರಿಂದ ಎರಡು ತಿಂಗಳ ಮೊದಲು ಗುರುಗಳನ್ನು ಕರೆಸುತ್ತೇವೆ, ಏಳೆಂಟು ಮಕ್ಕಳಿಗೆ ಒಂದು ಪ್ರಸಂಗದ ತುಂಡನ್ನು ತಿದ್ದಿಸುತ್ತೇವೆ, ವೇಷಭೂಷಣ ಬಾಡಿಗೆಗೆ ತರುತ್ತೇವೆ, ಸ್ಪರ್ಧೆ ಮುಗಿದ ಮರುದಿನ ಗುರುಗಳ ಫೋನ್ ನಂಬರು ಅಳಿಸುತ್ತೇವೆ. ಇದು ತರಬೇತಿ ನಿಜ, ಆದರೆ ಶಾಲೆಯ ಉಳಿದ ಮುನ್ನೂರು ಮಕ್ಕಳಿಗೆ ಇದರಲ್ಲಿ ಏನಿದೆ? ವೇಷವಿಲ್ಲದೆ ಮಾತಿನಲ್ಲಿಯೇ ನಡೆಯುವ ತಾಳಮದ್ದಳೆಯ ಅರ್ಥಧಾರಿಯೊಬ್ಬರು ತಿಂಗಳಿಗೊಮ್ಮೆ ಬಂದು ಎಂಟನೆಯವರಿಗೆ ಒಂದು ಪದ್ಯ ಕೊಟ್ಟು, ವಾಲಿಯ ಪರವಾಗಿ ಒಂದು ಗುಂಪು, ರಾಮನ ಪರವಾಗಿ ಇನ್ನೊಂದು ಗುಂಪು ಸ್ಥಳದಲ್ಲಿಯೇ ಮಾತು ಕಟ್ಟಬೇಕು ಎಂದರೆ ಅದಕ್ಕಿಂತ ಒಳ್ಳೆಯ ಭಾಷಾ ತರಗತಿ ಎಲ್ಲಿದೆ? ವೇಷ ಬೇಡ, ವೇದಿಕೆ ಬೇಡ, ಒಂದು ಬೆಂಚು ಸಾಕು. ಕಾಸರಗೋಡಿನಲ್ಲಿ 1981ರಿಂದ ಯಕ್ಷಗಾನ ಬೊಂಬೆಯಾಟ ನಡೆಸುತ್ತ ಬಂದಿರುವ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ. ಸೂತ್ರದ ಒಂದು ನೂಲು ಸಡಿಲವಾದರೆ ಬೊಂಬೆ ಯಾವ ಕಡೆ ವಾಲುತ್ತದೆ ಎಂದು ನೋಡುವುದು ಭೌತವಿಜ್ಞಾನವೇ.

ಒಂದು ಎಚ್ಚರವೂ ಬೇಕು. ಎಲ್ಲವನ್ನೂ ಮ್ಯೂಸಿಯಮ್ಮಿನ ಕಣ್ಣಿನಿಂದ ನೋಡಹೊರಟರೆ ಎಡವುತ್ತೇವೆ. ದೈವದ ಭಂಡಾರದಲ್ಲಿ ಮೊಗ (ಮುಖವಾಡ), ಕಡ್ಸಲೆ (ಖಡ್ಗ), ಆಭರಣಗಳಿವೆ. ಲೆಕ್ಕವಿದೆ, ಕಾಯುವ ಮನೆತನವಿದೆ, ಹೊರಗೆ ತೆಗೆಯುವ ದಿನವಿದೆ. ಒಂದು ಅರ್ಥದಲ್ಲಿ ಅದು ನಮ್ಮ ಊರಿನ ಹಳೆಯ ವಸ್ತುಸಂಗ್ರಹಾಲಯವೇ. ಹಾಗೆಂದು ತರಗತಿಗೆ ತನ್ನಿ, ಮುಟ್ಟಿ ನೋಡುತ್ತೇವೆ ಎನ್ನುವಂತಿಲ್ಲ. ದೈವ ಕಟ್ಟುವವರನ್ನು ಕರೆಸಿ "ಸ್ವಲ್ಪ ಕುಣಿದು ತೋರಿಸಿ" ಎಂದು ಕೇಳಿದ ಕಾರ್ಯಕ್ರಮವೊಂದನ್ನು ಕಂಡಿದ್ದೇನೆ. ಆ ಹಿರಿಯರು ಮುಖ ತಗ್ಗಿಸಿ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಅವರ ಬಳಿ ಬಣ್ಣಗಾರಿಕೆಯ ಬಗ್ಗೆ, ತೆಂಗಿನ ಗರಿಯ ಕೆಲಸದ ಬಗ್ಗೆ, ಪಾಡ್ದನವೆಂಬ ತುಳು ಕಥನಗೀತೆಯ ಬಗ್ಗೆ ಕೇಳಬಹುದಿತ್ತು. ಏನನ್ನು ತೋರಿಸಬಹುದು, ಏನನ್ನು ತೋರಿಸಬಾರದು ಎಂದು ತೀರ್ಮಾನಿಸುವವರು ಅವರು, ನಾವಲ್ಲ.

ಕಾನೂನೂ ಇದೆ. ಮನೆ ಕಟ್ಟಲು ಗುಡ್ಡ ಅಗೆಯುವಾಗ ನಮ್ಮ ಜಿಲ್ಲೆಯಲ್ಲಿ ಬೃಹತ್ ಶಿಲಾಯುಗದ ಕೆಂಪುಕಲ್ಲಿನ ಗುಹೆಗಳು, ಮಡಕೆಗಳು ಸಿಗುವುದುಂಟು. ಮಕ್ಕಳು ಉತ್ಸಾಹದಿಂದ ಶಾಲೆಗೆ ತಂದುಬಿಡುತ್ತಾರೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು ಎನ್ನುವ 1878ರ ಕಾಯಿದೆ ಇದೆ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯದಂಥ ವಸ್ತುಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ 1972ರ ಪುರಾತನ ವಸ್ತುಗಳ ಕಾಯಿದೆಯ ಅಡಿಗೆ ಬರುತ್ತವೆ. ಆದ್ದರಿಂದ ಶಾಲೆಯ ಮೂಲೆಯಲ್ಲಿ ಮ್ಯೂಸಿಯಂ ಮಾಡುವವರು ಸೇರು, ಪಾವು, ಚಿಮಿಣಿ ದೀಪ, ರೇಡಿಯೊಗಳಿಗೆ ತೃಪ್ತರಾಗುವುದು ಕ್ಷೇಮ. ಮಣ್ಣಿನಲ್ಲಿ ಸಿಕ್ಕಿದ್ದನ್ನು ಮುಟ್ಟದೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆದು, ಜಾಗ ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಬೇಕು. ಮಡಕೆಗಿಂತ ಅದು ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದೇ ಹೆಚ್ಚು ಮಾತಾಡುತ್ತದೆ. ಎತ್ತಿ ತಂದರೆ ಆ ಮಾತು ಅಲ್ಲಿಗೇ ನಿಂತಿತು.

ಶುರು ಮಾಡುವುದು ಹೇಗೆ ಎಂದು ಕೇಳಿದರೆ, ಒಂದು ಪುಟದ ಕಾಗದದಿಂದ. ನಾವು ಯಾವ ತರಗತಿಯವರು, ಎಷ್ಟು ಮಂದಿ, ಯಾವ ಪಾಠಕ್ಕಾಗಿ ಬರುತ್ತೇವೆ, ಯಾವ ಒಂದು ವಸ್ತುವನ್ನು ನೋಡಬೇಕು, ನಿಮ್ಮಿಂದ ಏನು ಬೇಕು, ನಾವು ಏನು ಕೊಡುತ್ತೇವೆ, ಮಾತಾಡುವ ಭಾಷೆ ಯಾವುದು. ಮಕ್ಕಳಿಗಿಂತ ಮೊದಲು ಅಧ್ಯಾಪಕರೊಬ್ಬರು ಹೋಗಿ ನೋಡಿ ಬರಬೇಕು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಖರ್ಚೆಲ್ಲ ಬಸ್ಸಿಗೆ ಮತ್ತು ಊಟಕ್ಕೆ. ಕೇರಳದಲ್ಲಿ ರಾತ್ರಿಯ ಹೊತ್ತು ಶಾಲಾ ಪ್ರವಾಸದ ಬಸ್ಸು ಓಡುವಂತಿಲ್ಲ, ಅದು ಒಳ್ಳೆಯದೇ. ತಿಂಗಳ ಆಯ್ಕೆ ಮಾತ್ರ ತಲೆನೋವು. ಜೂನ್, ಜುಲೈಯಲ್ಲಿ ಕಲೆಕ್ಟರರು ಮಳೆಯ ರಜೆ ಯಾವಾಗ ಘೋಷಿಸುತ್ತಾರೋ ತಿಳಿಯದು. ನವೆಂಬರ್ ಬಂದರೆ ಕಲೋತ್ಸವ, ಜನವರಿಯ ಮೇಲೆ ಪರೀಕ್ಷೆಯ ಜ್ವರ. ನಾವು ಸೆಪ್ಟೆಂಬರಿನಲ್ಲಿ, ಓಣಂ ರಜೆ ಮುಗಿದೊಡನೆ ಹೊರಡುತ್ತೇವೆ. ಕೋಟೆ ಆಗ ಹಸಿರಾಗಿರುತ್ತದೆ, ಜನವೂ ಕಡಿಮೆ.

ಇನ್ನು ಅರಮನೆಯ ವಿಷಯ. ಕಂಡಿಗಳನ್ನು ಅಳೆದ ದಿನ ಆ ಸಿಬ್ಬಂದಿಯ ಬಳಿ ನನ್ನ ಹಳೆಯ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಹೇಳಿ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಅವರು ನಕ್ಕು, "ಬನ್ನಿ ಟೀಚರ್" ಎಂದು ಹುಲ್ಲಿನ ನಡುವೆ ಮೊಣಕಾಲೆತ್ತರಕ್ಕೆ ನಿಂತಿದ್ದ ಕಲ್ಲಿನ ಸಾಲುಗಳ ಕಡೆಗೆ ಕರೆದುಕೊಂಡು ಹೋದರು. 1997ರಿಂದ 2001ರ ನಡುವೆ ಅವರ ಪುರಾತತ್ವ ಇಲಾಖೆ ಈ ಕೋಟೆಯಲ್ಲಿ ಉತ್ಖನನ ನಡೆಸಿತ್ತು. ಟಂಕಸಾಲೆಯ ಕುರುಹು, ಹೈದರಾಲಿ, ಟಿಪ್ಪು, ಮೈಸೂರು ಒಡೆಯರ ನಾಣ್ಯಗಳು, ಅವುಗಳ ಜೊತೆಗೆ ಮಧ್ಯಕಾಲದ ಅರಮನೆಯದೆಂದು ಗುರುತಿಸಲಾದ ಕಟ್ಟಡದ ಅವಶೇಷ. ನಾನು ಕೆಂಪು ಶಾಯಿಯಲ್ಲಿ ಇಲ್ಲವೆಂದು ಬರೆದ ಅರಮನೆ ನೆಲದೊಳಗಿತ್ತು.

ಆ ವರ್ಷದ ಮಕ್ಕಳು ಬರೆದ ಚೀಟಿ ನಮ್ಮ ಶಾಲೆಯ ಮೂಲೆಯ ಮೇಜಿನ ಮೇಲೆ ಈಗಲೂ ಇದೆ. ಮೊದಲು "ಇಲ್ಲಿ ಅರಮನೆ ಇತ್ತು" ಎಂದು ಬರೆದು, ಆಮೇಲೆ ತಾವೇ ಹೊಡೆದುಹಾಕಿ, "ಇಲ್ಲಿ ಅರಮನೆ ಇತ್ತೆಂದು ಅಗೆದು ನೋಡಿದವರು ಹೇಳುತ್ತಾರೆ. ನಾವು ನೋಡಿದ್ದು ಕಲ್ಲಿನ ಸಾಲು" ಎಂದು ತಿದ್ದಿದ್ದಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ನಮ್ಮ ಟೀಚರ್ ಮೊದಲು ಇಲ್ಲ ಎಂದಿದ್ದರು." ಐವತ್ತು ಪದಕ್ಕಿಂತ ಹೆಚ್ಚಾಗಿಲ್ಲ, ಆದರೂ ಆ ಕೊನೆಯ ಸಾಲು ತೆಗೆಯಬೇಕೇ ಎಂದು ಬಂದು ಕೇಳಿದರು. ಬೇಡ, ಇರಲಿ ಎಂದೆ.